ತೊಂಬತ್ತೊಂದು ಅಂಕದ ನಾಣ್ಯ

2014ರ ಜನವರಿ 19, ಭಾನುವಾರ. ನನ್ನ ದಿನಚರಿಯಲ್ಲಿ ಆ ದಿನದ ಮೊದಲ ಸಾಲು ಹೀಗಿದೆ: ‘ಗುರುಗಳಲ್ಲಿಗೆ ಹೋದೆ. ಫೈಲು ಜೊತೆಗಿತ್ತು.’

ನಮಸ್ಕರಿಸಿ ಕುಳಿತ ಮೇಲೆ ನಾನು ಕೇಳಿದ ಪ್ರಶ್ನೆಯನ್ನೂ ಬರೆದಿಟ್ಟಿದ್ದೇನೆ.

“ಗುರುಗಳೇ, ತಾವೇ ಕೊಟ್ಟ ಖಾತ್ರಿಗೆ ತಾವೇ ನಿಲ್ಲದವರನ್ನು ಏನು ಮಾಡಬೇಕು?”

“ಯಾರು ನಿಲ್ಲಲಿಲ್ಲ?”

ಹೇಳಿದೆ. ಹಳೆಯ ನಾಣ್ಯಗಳನ್ನು ಪರೀಕ್ಷಿಸುವ ಒಂದು ಕಂಪನಿ. ನಾಣ್ಯ ಅಸಲಿಯೇ, ಎಷ್ಟು ಸವೆದಿದೆ ಎಂದು ನೋಡಿ, ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ಅಂಕವನ್ನು ಬರೆದು, ನಾಣ್ಯವನ್ನು ಪಾರದರ್ಶಕ ಡಬ್ಬಿಯೊಳಗೆ ಹಾಕಿ ಮೊಹರು ಮಾಡುತ್ತಾರೆ. ಅಂಕ ತಪ್ಪಿದ್ದರೆ ನಷ್ಟ ತುಂಬಿಕೊಡುವುದಾಗಿ ಖಾತ್ರಿಯನ್ನೂ ಕೊಡುತ್ತಾರೆ. ನನ್ನ ಬೆಳ್ಳಿ ರೂಪಾಯಿಗೆ ಮೊದಲ ಸಲ ಅರವತ್ತನಾಲ್ಕು ಬಂತು. ಒಪ್ಪದೆ ಮತ್ತೆ ಕಳಿಸಿದೆ. ಅರವತ್ತೆರಡು ಬಂತು. ಮೂರನೆಯ ಸಲ ಅರವತ್ತಮೂರು. ಒಂದೇ ನಾಣ್ಯ, ಅದೇ ಕಂಪನಿ. ಇಪ್ಪತ್ತಾರು ಪತ್ರ ಬರೆದಿದ್ದೇನೆ, ಎಲ್ಲದರ ನಕಲು ನನ್ನ ಬಳಿ ಇದೆ. ಒಂದಕ್ಕೂ ನೇರವಾದ ಉತ್ತರ ಬಂದಿಲ್ಲ.

ಗುರುಗಳು ಫೈಲನ್ನು ತೆರೆಯಲಿಲ್ಲ. “ನಾಣ್ಯ ನಿಮಗೆ ಎಲ್ಲಿಂದ ಬಂತು, ತಾಯಿ?”

“ತಂದೆಯವರದು. ನನಗೊಂದು, ತಂಗಿಗೊಂದು.”

“ತಂಗಿಯದಕ್ಕೆ ಎಷ್ಟು ಬಂದಿದೆ?”

“ಅರವತ್ತೈದು. ಅದು ಇಲ್ಲಿ ಅಪ್ರಸ್ತುತ.”

“ಸರಿ,” ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಇಬ್ಬರು ವ್ಯಾಪಾರಿಗಳಿದ್ದರು. ಅಣ್ಣ ತಮ್ಮ. ತಂದೆ ಸಾಯುವಾಗ ಇಬ್ಬರಿಗೂ ಒಂದೊಂದು ತಾಮ್ರದ ನಾಣ್ಯ ಬಿಟ್ಟು ಹೋಗಿದ್ದ. ಒಂದೇ ಟಂಕಸಾಲೆಯದು, ಒಂದೇ ವರ್ಷದ್ದು. ಪ್ರತಿ ವರ್ಷ ತಂದೆಯ ತಿಥಿಯ ದಿನ ಎರಡನ್ನೂ ಒಂದೇ ತಟ್ಟೆಯಲ್ಲಿ ಇಡುತ್ತಿದ್ದರು. ಊಟವಾದ ಮೇಲೆ ಕೈಗೆ ಸಿಕ್ಕಿದ್ದನ್ನು ಒಬ್ಬೊಬ್ಬರು ಒಯ್ಯುತ್ತಿದ್ದರು. ಯಾವುದು ಯಾರದು ಎಂದು ಯಾರೂ ಕೇಳಿರಲಿಲ್ಲ.

ಆ ಊರಿಗೆ ಒಂದು ಪರೀಕ್ಷಾಲಯ ಬಂತು. ಅವರು ನಾಣ್ಯಕ್ಕೆ ನೂರಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಗಾಜಿನ ಡಬ್ಬಿಯಲ್ಲಿ ಹಾಕಿ, ಖಾತ್ರಿ ಬರೆದು ಕೊಡುತ್ತಿದ್ದರು. ಅಣ್ಣ ತಮ್ಮ ಇಬ್ಬರೂ ಕುತೂಹಲಕ್ಕೆ ತಮ್ಮ ತಮ್ಮ ನಾಣ್ಯ ಕೊಟ್ಟರು. ಅಣ್ಣನದಕ್ಕೆ ತೊಂಬತ್ತೆರಡು ಬಂತು. ತಮ್ಮನದಕ್ಕೆ ತೊಂಬತ್ತೊಂದು.

ಅಣ್ಣ ನಕ್ಕ. “ಶಾಲೆಯಲ್ಲೂ ನೀನು ನನಗಿಂತ ಒಂದು ಅಂಕ ಹಿಂದೆಯೇ ಇದ್ದೆಯಲ್ಲೋ.”

ತಮ್ಮ ನಗಲಿಲ್ಲ. ಹೋದ ತಿಥಿಯಲ್ಲಿ ತಟ್ಟೆಗೆ ಮೊದಲು ಕೈ ಹಾಕಿದವನು ಅಣ್ಣ ಎಂಬುದು ಅವನಿಗೆ ಆ ರಾತ್ರಿ ನೆನಪಾಯಿತು.

ಅವನು ನಾಣ್ಯವನ್ನು ಡಬ್ಬಿಯ ಸಮೇತ ಮತ್ತೆ ಕಳಿಸಿದ. ತೊಂಬತ್ತೊಂದು ಎಂದೇ ಬಂತು. ಇನ್ನೊಮ್ಮೆ ಕಳಿಸಿದ. ತೊಂಬತ್ತೊಂದು. ಇವರು ನಾಣ್ಯವನ್ನು ನೋಡುತ್ತಿಲ್ಲ, ಡಬ್ಬಿಯ ಮೇಲಿನ ಹಳೆಯ ಅಂಕವನ್ನು ನೋಡಿ ನಕಲು ಮಾಡುತ್ತಿದ್ದಾರೆ ಎಂದು ಅವನಿಗೆ ಖಚಿತವಾಯಿತು. ಒಂದು ಗುರುವಾರ ಸಂಜೆ ಡಬ್ಬಿಯನ್ನು ಒಡೆದು ನಾಣ್ಯವನ್ನು ಹೊರಗೆ ತೆಗೆದ. ಮರುದಿನ ಹೊಸದೆಂಬಂತೆ ಕಳಿಸಬೇಕು. ಪರೀಕ್ಷೆಗೆ ಹೋಗುವ ಮಕ್ಕಳ ಪೆನ್ನನ್ನು ದೇವರ ಮುಂದೆ ಇಡುತ್ತಾರಲ್ಲ, ಹಾಗೆ ಒಳ್ಳೆಯ ಅಂಕ ಬರಲಿ ಎಂದು ಅದನ್ನು ಪೂಜೆಯ ತಟ್ಟೆಯಲ್ಲಿ ಇಟ್ಟು ಕೈಮುಗಿದು ಮಲಗಿದ.

ಬೆಳಗ್ಗೆ ಶುಕ್ರವಾರ. ಅವನ ಹೆಂಡತಿ ಎಂದಿನಂತೆ ಪೂಜೆಯ ಸಾಮಾನುಗಳನ್ನು ಹುಣಸೆಹಣ್ಣು ಹಾಕಿ ಬೆಳಗಿದಳು. ತಟ್ಟೆಯಲ್ಲಿದ್ದ ನಾಣ್ಯವನ್ನೂ ಬೆಳಗಿದಳು.

ವ್ಯಾಪಾರಿ ಎದ್ದು ನೋಡಿದ. ನಾಣ್ಯ ಫಳಫಳ ಹೊಳೆಯುತ್ತಿತ್ತು. ಅವನು ತಲೆಯ ಮೇಲೆ ಕೈ ಇಟ್ಟುಕೊಂಡು ಕುಳಿತ.

“ಏನು ಮಾಡಿದೆ, ಮಾರಾಯ್ತಿ! ಅದರ ಮೇಲಿನ ಕಪ್ಪಿಗೇ ಅವರು ಅಂಕ ಕೊಡುವುದು!”

“ಕಪ್ಪಿಗೆ ಅಂಕವೇ? ಹಾಗಾದರೆ ನಮ್ಮ ಬಾಣಲೆ ಕಳಿಸಿ. ನೂರಕ್ಕೆ ನೂರು ಬರುತ್ತದೆ.”

ಆದರೂ ಅವನು ನಾಣ್ಯವನ್ನೇ ಕಳಿಸಿದ. ವಾರದ ಮೇಲೆ ಒಂದು ಚೀಟಿಯೊಂದಿಗೆ ಅದು ಹಿಂದಕ್ಕೆ ಬಂತು. ‘ತೊಳೆದ ನಾಣ್ಯ. ಅಂಕವಿಲ್ಲ.’

ಅವನು ಚೀಟಿ ಹಿಡಿದುಕೊಂಡು ಪರೀಕ್ಷಾಲಯಕ್ಕೇ ಹೋದ. “ತೊಂಬತ್ತೊಂದು ಎಂದವರು ನೀವು. ಖಾತ್ರಿ ಬರೆದವರು ನೀವು. ಈಗ ಅಂಕವೇ ಇಲ್ಲವೆಂದರೆ?”

ಗುಮಾಸ್ತ ತಲೆ ಎತ್ತದೆ ಹೇಳಿದ. “ಖಾತ್ರಿ ಇರುವುದು ಡಬ್ಬಿಯೊಳಗಿನ ನಾಣ್ಯಕ್ಕೆ. ಡಬ್ಬಿ ಎಲ್ಲಿ?”

“ಒಡೆದೆ.”

“ಯಾಕೆ?”

“ನಿಮ್ಮ ಮೇಲೆ ನಂಬಿಕೆ ಇರಲಿಲ್ಲ.”

“ಮತ್ತೆ ನಮ್ಮ ಹತ್ತಿರವೇ ಯಾಕೆ ಕಳಿಸಿದಿರಿ, ಸ್ವಾಮೀ?”

ವ್ಯಾಪಾರಿ ಅಲ್ಲಿ ಕೂಗಾಡಿದ. ಊರಿನ ಪಂಚರ ಬಳಿ ದೂರು ಕೊಟ್ಟ. ಪಂಚರು ಖಾತ್ರಿಯ ಕಾಗದ ಓದಿದರು. ಡಬ್ಬಿಯ ಮಾತು ಅದರ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಅವನು ಅದನ್ನು ಓದಿರಲಿಲ್ಲ. ಆ ವರ್ಷ ತಿಥಿಗೆ ಅವನು ಅಣ್ಣನ ಮನೆಗೆ ಹೋಗಲಿಲ್ಲ. ಬೇರೆಯಾಗಿಯೇ ಮಾಡಿದ.

ತಿಥಿಯ ಮರುದಿನ ಅಣ್ಣನೇ ಬಂದ. ತನ್ನ ಡಬ್ಬಿಯನ್ನು ತಮ್ಮನ ಮುಂದೆ ಇಟ್ಟ.

“ಇದನ್ನು ನೀನು ಇಟ್ಟುಕೋ. ತೊಳೆದದ್ದನ್ನು ನನಗೆ ಕೊಡು.”

“ನನಗೆ ನಿನ್ನ ದಾನ ಬೇಡ.”

“ದಾನವೇನು ಬಂತು? ಎರಡು ವರ್ಷದ ಹಿಂದೆ ಇದು ನಿನ್ನ ಮನೆಯಲ್ಲೇ ಇದ್ದಿರಬಹುದು. ನನಗೆ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಮುಂದಿನ ವರ್ಷ ತಿಥಿಗೆ ಬಾ. ಅಷ್ಟು ಸಾಕು.”

ಅಣ್ಣ ಹೊಳೆಯುವ ನಾಣ್ಯವನ್ನು ಜೇಬಿಗೆ ಹಾಕಿಕೊಂಡು ಹೋದ.

ತಮ್ಮ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ತಿರುಗಿಸಿ ನೋಡಿದ. ಭೂತಗನ್ನಡಿ ತಂದು ನೋಡಿದ. ಅಂಚು ಚೂಪಾಗಿತ್ತು. ಅಕ್ಷರ ಒಂದೂ ಸವೆದಿರಲಿಲ್ಲ. ಇದಕ್ಕೆ ತೊಂಬತ್ತೆರಡು ಎಂದರೆ ಅನ್ಯಾಯ, ತೊಂಬತ್ತನಾಲ್ಕಾದರೂ ಬರಬೇಕಿತ್ತು ಎಂದು ಅವನಿಗೆ ಅನ್ನಿಸಿತು. ಸುತ್ತಿಗೆ ಎಲ್ಲಿದೆ ಎಂದು ಹೆಂಡತಿಯನ್ನು ಕೇಳಿದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ನಾನು ಕಾದೆ. ಅವರು ಮುಂದುವರಿಸುವಂತೆ ಕಾಣಲಿಲ್ಲ. ನನಗೆ ತಾಳ್ಮೆ ತಪ್ಪಿತು. ಇಂಥ ಮೂಢನ ಕತೆಯನ್ನು ಇಷ್ಟು ಹೊತ್ತು ಕೇಳಿದ ಮೇಲೆ ಕೊನೆಯನ್ನಾದರೂ ಹೇಳಬೇಡವೇ?

“ಆಮೇಲೆ ಅದಕ್ಕೆ ಎಷ್ಟು ಬಂತು, ಗುರುಗಳೇ?”

“ಅಣ್ಣ ಏನಾದ ಎಂದು ನೀವು ಕೇಳಲಿಲ್ಲ, ತಾಯಿ.”

ನಾನು ಫೈಲನ್ನು ಎತ್ತಿಕೊಂಡು ಬಂದೆ.

ಆ ದಿನದ ಪುಟದ ಕೆಳಗೆ ಖರ್ಚು ಬರೆದಿದ್ದೇನೆ. ಮೂರು ಸಲದ ಪರೀಕ್ಷೆಗೆ ಒಂಬತ್ತು ಸಾವಿರದ ಆರುನೂರು ರೂಪಾಯಿ. ಕೊರಿಯರ್ ಮತ್ತು ವಿಮೆಗೆ ಎರಡು ಸಾವಿರದ ನೂರ ನಲವತ್ತು. ವಕೀಲರ ನೋಟಿಸಿಗೆ ಒಂದೂವರೆ ಸಾವಿರ. ಒಟ್ಟು ಹದಿಮೂರು ಸಾವಿರದ ಇನ್ನೂರ ನಲವತ್ತು. ನಾಣ್ಯದ ಬೆಲೆ, ಡಬ್ಬಿಯ ಸಮೇತ, ಏಳು ಸಾವಿರ. ಹಿಂದಿನ ನವೆಂಬರಿನಲ್ಲಿ ತಂಗಿ ಇಂದುಮತಿಯ ಮಗಳ ಮದುವೆಯಾಯಿತು. ಅದಕ್ಕೆ ನಾನು ಹೋಗಿರಲಿಲ್ಲ.