ಪೂಜೆಯಾಗದ ಕಾರು

"ಬಂದಿದೆ ಮಾರಾಯ್ರೆ, ಕಾರು ಬಂದರಿಗೆ ಬಂದು ವಾರ ಆಯ್ತು. ಸಾಹೇಬರು ಬಿಡ್ಬೇಕಲ್ಲ?" ಅಂತ ವಾಚ್‌ಮನ್ ಹತ್ರ ಗೊಣಗ್ತಲೇ ದೂಮಣ್ಣ ಬಂದರಿನ ಗೇಟು ದಾಟಿದ. ಸಿಂಗಾಪುರದಲ್ಲಿ ವರ್ಷಗಟ್ಟಲೆ ಬೇರೆಯವರ ಕಾರು ಓಡಿಸಿ, ಕಡೆಗೆ ತನಗೇ ಅಂತ ಒಂದು ಹೊಸ ಕಾರು ಕೊಂಡು ಹಡಗಿಗೆ ಹಾಕಿದ್ದ.

ಕಸ್ಟಮ್ಸ್ ಸಾಹೇಬರಿಗೆ ಅದರ ಮೇಲೆ ಮನಸ್ಸಾಗಿತ್ತು. "ಹೊಸದು ಅಂತ ಹೇಗೆ ನಂಬೋದು? ಒಂದು ತಿಂಗಳು ನಾನೇ ಓಡಿಸಿ ನೋಡ್ತೇನೆ" ಅಂತ ಕಾರಿನ ಬಾಗಿಲಿಗೆ ಕೈ ಹಾಕಿದ್ರು.

"ಓಡಿಸಿ ಸಾರ್" ಅಂದ ದೂಮಣ್ಣ. "ಪೂಜೆ ಮಾತ್ರ ಆಗಿಲ್ಲ. ಚಕ್ರದಡಿಗೆ ನಿಂಬೆಹಣ್ಣೂ ಇಟ್ಟಿಲ್ಲ. ಸಮುದ್ರ ದಾಟಿ ಬಂದದ್ದು ಬೇರೆ. ಏನಾದ್ರೂ ಮೊದಲು ಕೂತವರಿಗೇ ಆಗೋದು."

ಸಾಹೇಬರ ಕೈ ಮೆಲ್ಲಗೆ ಬಾಗಿಲು ಬಿಟ್ಟು ಪ್ಯಾಂಟಿನ ಜೇಬಿಗೆ ಹೋಯ್ತು. ಪ್ಯೂನನಿಗೆ ಕಾರಲ್ಲಿ ಕೂರಲು ಹೇಳಿದ್ರು. ಅವನಿಗೆ ಹತ್ತೋ ಮೊದಲೇ ಸೊಂಟ ಹಿಡ್ಕೊಂಡಿತು. "ಹೊಸದೇ ಇದು, ತಗೊಂಡು ಹೋಗು" ಅಂತ ಸಾಹೇಬರು ಸಹಿ ಹಾಕಿದ್ರು.

ತಾಪತ್ರಯ ಶುರುವಾದದ್ದೇ ಆಮೇಲೆ. ದೂಮಣ್ಣ ಎಷ್ಟು ಚೆನ್ನಾಗಿ ಹೇಳಿದ್ದ ಅಂದ್ರೆ, ಈಗ ಅವನಿಗೇ ಹತ್ತೋಕೆ ಧೈರ್ಯ ಇಲ್ಲ. ಪೂಜೆಯ ಭಟ್ಟರು ಮನೆ ಅಂಗಳದಲ್ಲಿ ಕಾಯ್ತಿದ್ರು. ಕೊನೆಗೆ ಕೂಲಿಯವರಿಂದ ಕಾರು ತಳ್ಳಿಸ್ತಾ, ತಾನು ಕಿಟಕಿಯಿಂದ ಸ್ಟೇರಿಂಗ್ ಹಿಡ್ಕೊಂಡು, ಪೇಟೆಯಿಡೀ ನಡೆದೇ ಮನೆ ಮುಟ್ಟಿದ.

ಹೆಂಡತಿ ಸುಗುಣ ಕಾರನ್ನು ಸುತ್ತು ಹಾಕಿ ನೋಡಿದಳು. "ಚಂದ ಉಂಟು. ಆದ್ರೆ ಒಂದು ಎಮ್ಮೆ ತಂದಿದ್ರೆ, ಅದು ತಾನಾಗೇ ನಡ್ಕೊಂಡು ಬರ್ತಿತ್ತು."