ಗೊರವಂಕದ ಸಿಟ್ಟು

ಕೆರೆಯಂಚಿನಲ್ಲಿ ಮೇಯುತ್ತಿದ್ದ ಒಂದು ಎಮ್ಮೆಯ ಮೈ ನೋಡಿಕೊಳ್ಳುವುದು ಗೊರವಂಕದ ಕೆಲಸವಾಗಿತ್ತು. ದಿನವೂ ಅದರ ಬೆನ್ನೇರಿ ಉಣ್ಣಿ ಹೆಕ್ಕುತ್ತಿತ್ತು. ಒಮ್ಮೆ ಎಮ್ಮೆಯ ಸೊಂಟದ ಗಾಯದಲ್ಲಿ ಹುಳ ಬಿದ್ದವು. ಗೊರವಂಕ ಕೊಕ್ಕು ಹಾಕಿ ಒಂದು ಹುಳ ಎಳೆದದ್ದೇ ತಡ, ಎಮ್ಮೆ ನೋವಿಗೆ ಬಾಲ ಬೀಸಿ ಹಕ್ಕಿಯನ್ನು ಕೆಸರಿಗೆ ಕೆಡವಿತು.

"ನನ್ನ ಗಾಯ ಕೆದಕಿ ಹೊಟ್ಟೆ ಹೊರೆಯುತ್ತೀಯಾ? ತೊಲಗು. ನಿನಗಿಂತ ದಿನಾ ಇಲ್ಲಿ ಸುಳಿಯುವ ಆ ಕಾಗೆ ವಾಸಿ, ಎಷ್ಟು ನಯವಾಗಿ ಮಾತಾಡುತ್ತದೆ!"

ಗೊರವಂಕದ ಮೈಯೆಲ್ಲ ಉರಿಯಿತು. "ಹಾಗಾದರೆ ಅದರ ಕೈಯಲ್ಲೇ ಆರೈಕೆ ಮಾಡಿಸಿಕೋ" ಎಂದು ಜಾಲಿಮರಕ್ಕೆ ಹಾರಿ ಕೂತಿತು.

ಕಾಗೆ ಬಂದು, "ತಾಯೀ, ನಿಮ್ಮಂಥ ಮೈಕಟ್ಟು ಈ ಸೀಮೆಯಲ್ಲೇ ಇಲ್ಲ" ಎನ್ನುತ್ತ, ಹುಳಗಳನ್ನು ಬಿಟ್ಟು ಹಸಿ ಮಾಂಸವನ್ನೇ ಕಿತ್ತು ತಿನ್ನತೊಡಗಿತು. ಹೊಗಳಿಕೆ ಕೇಳುತ್ತ ಎಮ್ಮೆ ಬಹಳ ಹೊತ್ತು ಸಹಿಸಿತು. ಗಾಯ ಅಂಗೈಯಗಲವಾದಾಗ ಅರಚಿಕೊಂಡಿತು.

ಗೊರವಂಕ ರಭಸದಿಂದ ಎರಗಿ, ಕಾಗೆಯ ನೆತ್ತಿ ಕುಕ್ಕಿ ಓಡಿಸಿತು.

"ತಪ್ಪಾಯಿತು ತಂಗಿ, ಸಿಟ್ಟು ಬಿಡು" ಎಂದಿತು ಎಮ್ಮೆ.

"ಸಿಟ್ಟು ಬಿಟ್ಟಿಲ್ಲ, ಇವತ್ತು ಬಿಡುವುದೂ ಇಲ್ಲ. ಆದರೆ ಅದು ಆರುವವರೆಗೆ ಹುಳಗಳು ಕಾಯುವುದಿಲ್ಲ. ಸುಮ್ಮನೆ ನಿಂತುಕೋ" ಎಂದ ಗೊರವಂಕ, ಉರಿಯುವ ಕಣ್ಣುಗಳಿಂದಲೇ ಹುಳಗಳನ್ನು ಹುಡುಕತೊಡಗಿತು.