ಅಧ್ಯಕ್ಷರ ದೊಡ್ಡ ಫೋಟೋ

ಪುರಸಭೆಯ ವೆಬ್‌ಸೈಟಿಗೆ ಜನ ರಸ್ತೆಗುಂಡಿಗಳ ದೊಡ್ಡ ದೊಡ್ಡ ಫೋಟೋ ಹಾಕಿ ಹಾಕಿ ಅಧ್ಯಕ್ಷ ಗುರುಶಾಂತಪ್ಪನವರ ಮಾನ ಹರಾಜಾಗುತ್ತಿತ್ತು. "ದೊಡ್ಡ ಫೋಟೋ ಯಾವುದೂ ಒಳಗೆ ಬರಕೂಡದು" ಎಂದು ಅವರೇ ಸರ್ವರ್‌ಗೆ ಮಿತಿ ಹಾಕಿಸಿದರು.

ಮರುವಾರ ಪೇಟ ಸುತ್ತಿಕೊಂಡು ತೆಗೆಸಿದ ಅವರದೇ ಫೋಟೋವನ್ನು ಸರ್ವರ್ ಹೊರಗೆ ದಬ್ಬಿತು.

"ಸ್ವಲ್ಪ ಚಿಕ್ಕದು ಮಾಡ್ಲಾ ಸಾರ್?" ಕೇಳಿದಳು ಆಪರೇಟರ್ ಇಂದ್ರಮ್ಮ.

"ನನ್ನನ್ನೇ ಚಿಕ್ಕದು ಮಾಡ್ತೀಯಾ?"

"ಹಾಗಾದ್ರೆ ಮಿತೀನೇ ತೆಗೀಬೇಕು. ಆದ್ರೆ ಬಾಗಿಲು ಎಲ್ರಿಗೂ ಒಂದೇ ಸಾರ್."

"ತೆಗೆದು ಬಿಸಾಕಮ್ಮ, ಮಾತು ಸಾಕು!"

ಇಂದ್ರಮ್ಮ ತೆಗೆದಳು. ಸಂಜೆ ಮನೆಗೆ ಹೋಗುವಾಗ ತನ್ನ ಬೀದಿಯವರ ಕಿವಿಗೂ ವಿಷಯ ಹಾಕಿದಳು.

ಬೆಳಿಗ್ಗೆ ಅಧ್ಯಕ್ಷರು ಏದುಸಿರು ಬಿಡುತ್ತಾ ಬಂದರು. "ನನ್ನ ಫೋಟೋ ಸುತ್ತ ಬರೀ ಗುಂಡಿಗಳೇ ಇದಾವಲ್ಲಮ್ಮ!"

"ನೀವು ಮುಂದೆ ನಡೆದ್ರಿ ಸಾರ್," ಅಂದಳು ಇಂದ್ರಮ್ಮ, "ಊರಿಗೆ ಊರೇ ನಿಮ್ಮ ಹಿಂದೆ ಬಂತು."